ಮೇಷ್ಟ್ರ ದೋಣಿ ಸಂಸಾರ

ಪಿಂಚಣಿ ಬಂದ ತಿಂಗಳೇ ಕಾಟಲಿಂಗಪ್ಪ ಮೇಷ್ಟ್ರು ಒಂದು ಹಾಯಿದೋಣಿ ಕೊಂಡರು. "ಅರವತ್ತಕ್ಕೆ ಅರಳು ಮರಳು ಅಂತಾರೆ, ಇವ್ರಿಗೆ ಐವತ್ತೈದಕ್ಕೇ ಬಂತಲ್ಲಪ್ಪ!" ಎಂದು ಹೊಳಲ್ಕೆರೆಯವರು ನಕ್ಕರು. ನಗಲಿ ಬಿಡಿ, ಊರ ಬಾಯಿಗೆ ಬೀಗ ಹಾಕಿದವರುಂಟೇ? ಮೊಣಕಾಲುದ್ದದ ಹಳ್ಳ ದಾಟಲೂ ಹೆದರುತ್ತಿದ್ದ ಮನುಷ್ಯ, ಇನ್ನು ಮೇಲೆ ಮಾರಿಕಣಿವೆಯ ನೀರಿನ ಮೇಲೆ ದೋಣಿಯಲ್ಲೇ ವಾಸ ಎಂದರೆ ಯಾರಿಗೆ ನಗು ಬರುವುದಿಲ್ಲ?

ಮೇಷ್ಟ್ರಿಗಿದ್ದದ್ದು ಒಂದೇ ಹಂಬಲ. ಅವರ ಹೆಂಡತಿ ಮರುಳಸಿದ್ದಮ್ಮ ಆ ನೀರಿನ ಅಡಿಯಲ್ಲಿದ್ದಳು. ಹನ್ನೆರಡು ವರ್ಷದ ಹಿಂದೆ ಅವಳನ್ನು ಕಣಿವೆಯೊಳಗಿನ ಸ್ವಂತ ಊರಿನಲ್ಲೇ ಮಣ್ಣು ಮಾಡಿದ್ದರು. ಮೇಷ್ಟ್ರು ವರ್ಗವಾಗಿದ್ದ ಊರಿನಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಮೂರು ದಿನ. ಯಾರೋ ಕರೆದುಕೊಂಡು ಹೋಗಿ ಒಂದು ಹಸಿ ದಿಬ್ಬ ತೋರಿಸಿ "ಇದೇ" ಎಂದರು. ಒಂದು ಕಲ್ಲು ನೆಡಿಸಬೇಕಿತ್ತು. ಪಿಂಚಣಿಯಾದ ಮೇಲೆ ಇಲ್ಲಿಗೇ ಬಂದು ಇರುತ್ತೇನಲ್ಲ, ಆಗ ನೆಡಿಸಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಕಣಿವೆಗೆ ಅಡ್ಡ ಕಟ್ಟೆ ಎದ್ದು ನೀರು ನಿಂತಿತು, ಊರು ಮುಳುಗಿತು. ಊರು ಬಿಡುವ ದಿನ ಎಲ್ಲರೂ ತಮ್ಮವರ ಸಮಾಧಿಯಿಂದ ಹಿಡಿಮಣ್ಣು ತೆಗೆದು ಬಟ್ಟೆಯಲ್ಲಿ ಕಟ್ಟಿಕೊಂಡರು. ಮೇಷ್ಟ್ರು ಮಾತ್ರ ಆವತ್ತು ಹೊಳಲ್ಕೆರೆಯಲ್ಲಿ, ಇನ್‌ಸ್ಪೆಕ್ಟರು ಬರುತ್ತಾರೆಂದು ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ರಜೆ ಕೇಳಿದ್ದರೆ ಸಿಗುತ್ತಿತ್ತೋ ಏನೋ, ಕೇಳಲೇ ಇಲ್ಲ ಪುಣ್ಯಾತ್ಮ. ಮಕ್ಕಳಿಲ್ಲದ ಮನೆಯಲ್ಲಿ ಆ ಸಂಕಟ ಒಂದೇ ಅವರ ಜೊತೆಗಿತ್ತು. ಉಳಿದ ದಿನಗಳನ್ನಾದರೂ ಅವಳ ಹತ್ತಿರ ಕಳೆಯಬೇಕು, ಅಷ್ಟೇ ಅವರ ಲೆಕ್ಕ.

ದೋಣಿ ವಿದ್ಯೆ ಕಲಿಸಲು ಒಪ್ಪಿದವನು ಬೆಸ್ತರ ತಿಮ್ಮರಾಯಪ್ಪ. ಕಟ್ಟೆ ಕೆಲಸ ನಡೆಯುವಾಗಿನಿಂದಲೂ ಹಾಯಿ ಏರಿಸಿ ಇಳಿಸಿ ಕೈ ಕಾಯಿ ಕಟ್ಟಿದ ಆಸಾಮಿ. ಮೇಷ್ಟ್ರೋ, ವರ್ಗವಾದಾಗಲೆಲ್ಲ ಹೊಸದುರ್ಗದಿಂದ ಹಿರಿಯೂರಿಗೆ, ಹಿರಿಯೂರಿನಿಂದ ಹೊಳಲ್ಕೆರೆಗೆ ತಾವೇ ಎತ್ತಿನಗಾಡಿ ಹೊಡೆದವರು. ಎಡಕ್ಕೆ ಹೋಗಬೇಕೆಂದರೆ ಚುಕ್ಕಾಣಿಯನ್ನೂ ಎಡಕ್ಕೇ ಎಳೆಯುವುದು, ದೋಣಿ ಬಲಕ್ಕೆ ತಿರುಗಿದರೆ "ಹೋ! ಹೋ!" ಎಂದು ಕೂಗಿ ನಾಲಿಗೆ ಲೊಚಗುಟ್ಟುವುದು!

"ಮೇಷ್ಟ್ರೇ, ಇದು ಎತ್ತಲ್ರಿ! ಚುಕ್ಕಾಣಿ ಎಡಕ್ಕೆ ಎಳುದ್ರೆ ದೋಣಿ ಬಲಕ್ಕೆ ಹೋಗ್ತೈತೆ. ಎಷ್ಟು ಸಲ ಹೇಳಾದು?" ಎಂದು ತಿಮ್ಮರಾಯಪ್ಪ ತಲೆ ಚಚ್ಚಿಕೊಂಡ.

"ಬೈಯಪ್ಪ, ಬೈ. ನಾನೂ ಮೂವತ್ತು ವರ್ಷ ಹಿಂಗೇ ಬೈದೋನು" ಎಂದರು ಮೇಷ್ಟ್ರು.

ಗಾಳಿ ಒಂದು ಕಡೆ, ಚುಕ್ಕಾಣಿ ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಎರಡು ತಿಂಗಳು ಕಳೆಯಿತು. ಕೊನೆಗೂ ದೋಣಿ ಮಾತು ಕೇಳಿತು. ಮೇಷ್ಟ್ರು ಅದರ ಮೇಲೆ ಬಿದಿರಿನ ತಡಿಕೆ ಹೊದಿಸಿದರು. ಒಂದು ಒಲೆ, ಒಂದು ಮೂಟೆ ರಾಗಿಹಿಟ್ಟು, ವಿಭೂತಿ ಗಟ್ಟಿ, ಕಂಬಳಿ ತಂದಿಟ್ಟರು. ಹೊಸ ಮನೆಯಲ್ಲವೇ ಎಂದು ದೋಣಿಯ ಒಳಗೆಲ್ಲ ಸಗಣಿ ಹಾಕಿ ಸಾರಿಸಿದರು. ಮರುದಿನ ನೀರು ಚಿಮ್ಮಿ ಅದು ಕೆಸರಾಗಿ, ಅಂಗೈಯ ಮೇಲೆ ಲಿಂಗವಿಟ್ಟು ಪೂಜೆಗೆ ಕೂತಲ್ಲೇ ಮೇಷ್ಟ್ರು ಜಾರಿದರು. ಲಿಂಗವನ್ನು ಎದೆಗೆ ಒತ್ತಿ ಹಿಡಿದುಕೊಂಡರು, ಮೊಣಕೈ ತರಚಿಹೋಯಿತು. ನೋಡಿ ನಗಲು ಹತ್ತಿರ ಯಾರೂ ಇರಲಿಲ್ಲ, ಅದು ಮೇಷ್ಟ್ರನ್ನು ಮೊಣಕೈಗಿಂತ ಹೆಚ್ಚು ನೋಯಿಸಿತು.

ಕಾರ್ತಿಕದ ಒಂದು ಸೋಮವಾರ ಒಬ್ಬರೇ ಹೊರಟರು. ಬೋಳುಗುಡ್ಡದ ಬಂಡೆಯೂ ಅದರ ಹಿಂದಿನ ಗುಡ್ಡದ ಬೇವಿನ ಮರವೂ ಒಂದೇ ಗೆರೆಗೆ ಬರುವ ಜಾಗದಲ್ಲಿ ಅವರ ಊರಿನ ರುದ್ರಭೂಮಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಮುಟ್ಟಿ, ಹಾಯಿ ಇಳಿಸಿ, ಹಗ್ಗ ಕಟ್ಟಿದ ಲಂಗರುಗಲ್ಲನ್ನು ಎರಡೂ ಕೈಯಲ್ಲಿ ಎತ್ತಿದರು. ಅದನ್ನು ಕೆಳಗೆ ಬಿಟ್ಟರೆ ತಾನೇ ದೋಣಿ ನಿಲ್ಲುವುದು?

ಎತ್ತಿದ ಕೈ ಹಾಗೇ ನಿಂತಿತು. ಕೆಳಗೆ ಇಪ್ಪತ್ತೋ ಮೂವತ್ತೋ ದಿಬ್ಬಗಳಿದ್ದವು. ಆವತ್ತು ತೋರಿಸಿದ, ಕಲ್ಲಿಲ್ಲದ ಅವಳ ದಿಬ್ಬ ಇವುಗಳಲ್ಲಿ ಯಾವುದು? ಕಲ್ಲು ಅವಳ ಎದೆಯ ಮೇಲೇ ಹೋಗಿ ಬಿದ್ದರೆ? ಅಯ್ಯೋ ಶಿವನೇ ಎಂದರು. ಅಷ್ಟರಲ್ಲಿ ಗಾಳಿ ದೋಣಿಯನ್ನು ದೂರ ತಳ್ಳಿತ್ತು. ಹಾಯಿ ಏರಿಸಿ ಸುತ್ತು ಹಾಕಿ ಮತ್ತೆ ಬಂದರು, ಮತ್ತೆ ಕಲ್ಲೆತ್ತಿದರು, ಮತ್ತೆ ಬಿಡಲು ಕೈ ಬರಲಿಲ್ಲ. ಹೊತ್ತು ಇಳಿಯುವವರೆಗೂ ಹೀಗೇ ಬರುವುದು, ಹೋಗುವುದು.

ಬಲೆ ಎತ್ತಲು ಹರಿಗೋಲಿನಲ್ಲಿ ಬಂದ ತಿಮ್ಮರಾಯಪ್ಪ ದೂರದಿಂದಲೇ ಕೂಗಿದ: "ಯಾಕ್ರೀ ಮೇಷ್ಟ್ರೇ, ಗಾಣದೆತ್ತಿನಂಗೆ ಸುತ್ತತೀರಿ? ಕಲ್ಲು ಬಿಡ್ರಿ!"

"ಎಲ್ಲಿ ಬಿಡ್ಲಪ್ಪ?"

"ಎಲ್ಲಿ ಬೇಕಾದ್ರೂ ಬಿಡ್ರಿ. ಕೆಳಗೆ ಬರೀ ಮಣ್ಣೈತೆ."

ಮೇಷ್ಟ್ರು ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಸಿದು ಕೂತರು. ಸತ್ತ ಸುದ್ದಿ ಬಂದ ದಿನವೂ ಅಳದಿದ್ದ ಮನುಷ್ಯ ಗಟ್ಟಿಯಾಗಿ ಅತ್ತರು.

"ಹನ್ನೆರಡು ವರ್ಸ ಆತು ತಿಮ್ಮರಾಯಪ್ಪ. ನನ್ನ ಹೆಂಡ್ತಿನ ಎಲ್ಲಿಟ್ಟವ್ರೆ ಅಂತ ನನಗೆ ಗೊತ್ತಿಲ್ಲ."