ಮೇಲಿನ ಮನೆಯ ಹನಿ

ಮುಂಬೈ ಬಳಿಯ ಡೊಂಬಿವ್ಲಿಗೆ ವರ್ಗವಾಗಿ ಬಂದ ವರ್ಷ ಮಗಳ ಮೈತುಂಬ ದದ್ದು. ಡಾಕ್ಟರ್ ಹೇಳಿದರೆಂದು ಪರಿಮಳವೇ ಇಲ್ಲದ ಸೋಪಿನ ಪುಡಿ ಹುಡುಕಿ ತಂದೆ. ಆದರೂ ಕಿಟಕಿಯಾಚೆ ಒಣಹಾಕಿದ ಅವಳ ಫ್ರಾಕ್ ಘಮ್ಮೆನ್ನುತ್ತಿತ್ತು. ತಲೆಯೆತ್ತಿ ನೋಡಿದರೆ, ಮೇಲಿನ ಮನೆಯ ಮರಾಠಿ ಕಾಕೂ ಹಿಂಡದೆ ಹರವಿದ ಸೀರೆಯಿಂದ ತೊಟತೊಟ ನೀರು.

ಸಿಟ್ಟು ನೆತ್ತಿಗೇರಿತು. ಫ್ರಾಕ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

“ನೋಡಿ ಕಾಕೂ, ನಿಮ್ಮ ನೀರು ಬಿದ್ದು ಮಗೂಗೆ ಮೈಯೆಲ್ಲ ಕೆರೆತ!” ಎಂದು ಹರಕುಮುರುಕು ಮರಾಠಿಯಲ್ಲಿ ಕೂಗಾಡಿದೆ.

ಅವರ ಮುಖ ಕೆಂಪೇರಿತು. ಫ್ರಾಕ್ ಕಿತ್ತುಕೊಂಡು ದಢಾರನೆ ಬಾಗಿಲು ಹಾಕಿಕೊಂಡರು. ಇನ್ನು ಕಟ್ಟಡದ ಸೊಸೈಟಿ ಮೀಟಿಂಗಿನಲ್ಲಿ ರಂಪವೇ ಎಂದುಕೊಂಡು ಕೆಳಗಿಳಿದೆ.

ಮರುದಿನ ಬೆಲ್ ಆಯಿತು. ಕಾಕೂ ಕೈಯಲ್ಲಿ ಇಸ್ತ್ರಿ ಮಾಡಿದ ಫ್ರಾಕ್.

“ತಪ್ಪಾಯ್ತು ಬೇಟಾ. ನಮ್ಮ ನೀರಿನ ಕೊಳೆ ಹೋಗಲಿ ಅಂತ ನಾನೇ ಒಗೆದೆ. ಮಲ್ಲಿಗೆ ಪರಿಮಳದ ಪುಡೀಲಿ, ಎರಡು ಸಲ.”

ಥ್ಯಾಂಕ್ಸ್ ಹೇಳಿ, ಅವರು ಮೆಟ್ಟಿಲು ಹತ್ತುವವರೆಗೂ ಕಾದು, ಬಕೆಟ್ಟಿಗೆ ನೀರು ಬಿಟ್ಟೆ.