ಕರಿಬೇವಿನ ಗಿಡದ ಚಮಚ

ಅವತ್ತು ಬೆಳಿಗ್ಗೆ ನನ್ನ ಹೆಂಡತಿ ವಿಮಲ, ನಮ್ಮ ಜಯನಗರದ ಮನೆಯ ಗೇಟಿನ ಪಕ್ಕದ ಕರಿಬೇವಿನ ಗಿಡಕ್ಕೆ ಹಳೆಯ ಸ್ಟೀಲ್ ಚಮಚವೊಂದನ್ನು ಕಟ್ಟುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತಿ, "ಅದ್ಯಾಕೆ ಸ್ಪೂನು?" ಎಂದೆ. "ಇರಿ, ಹಾಲು ಉಕ್ಕತ್ತೆ. ಆಮೇಲೆ ಹೇಳ್ತೀನಿ," ಎಂದು ಒಳಗೆ ಹೋದಳು. ಕಾಫಿ ಬಂತು, ಮಾತು ಬೇರೆ ಕಡೆಗೆ ಹೋಯಿತು. ಮರುದಿನ ನಸುಕಿನಲ್ಲಿ ಅವಳ ಹೃದಯ ನಿಂತಿತು.

ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಆ ಚಮಚವನ್ನು ಗೌರವದಿಂದ ನೋಡಿದರು. ಯಾರೂ ಏನೂ ಕೇಳಲಿಲ್ಲ. ಸಾವಿನ ಮನೆಯಲ್ಲಿ ಕಂಡದ್ದೆಲ್ಲ ಶಾಸ್ತ್ರವೇ. ಸ್ವಲ್ಪ ದಿನಕ್ಕೆ ಎದುರುಮನೆಯ ಸರೋಜಮ್ಮನ ಕರಿಬೇವಿಗೂ ಒಂದು ಚಮಚ ಬಂತು. ಅದು ಬನಶಂಕರಿ ಮುಟ್ಟುವಷ್ಟರಲ್ಲಿ ಅರಿಶಿನದ ದಾರ ಸೇರಿಕೊಂಡಿತ್ತು. ಗಿರಿನಗರದಲ್ಲಿ ಶುಕ್ರವಾರವೇ ಕಟ್ಟಬೇಕೆಂಬ ನಿಯಮ ಹುಟ್ಟಿತು. ಅಂಜನಾಪುರದ ಅಪಾರ್ಟ್‌ಮೆಂಟೊಂದರಲ್ಲಿ ಗಿಡವೇ ಇಲ್ಲದೆ ಬಾಲ್ಕನಿಯ ಸರಳಿಗೆ ಕಟ್ಟಿದ್ದಾರಂತೆ, ತಾಮ್ರದ್ದು, ವೈಬ್ರೇಷನ್ನಿಗಾಗಿ. ಇದು ಸಾವಿರಾರು ವರ್ಷಗಳ ಪದ್ಧತಿ ಎಂದು ವಾಟ್ಸಾಪಿನಲ್ಲಿ ನಾನೇ ಓದಿದೆ.

ನಗುವ ಹಕ್ಕು ನನಗಿಲ್ಲ. ಕಾಫಿ ಅರಬರ ಕಡೆಯಿಂದ ಬಂದದ್ದು. ಅದಿಲ್ಲದೆ ನಮ್ಮ ಮನೆಯ ದೇವರಿಗೂ ಬೆಳಗಾಗುವುದಿಲ್ಲ. ಮೆಣಸಿನಕಾಯಿ ಹಡಗಿನಲ್ಲಿ ಬಂದು ಸಾರಿಗೆ ಇಳಿಯಿತು. ನಮ್ಮ ತಿಥಿಯ ಅಡುಗೆಗೆ ಮಾತ್ರ ಇಂದಿಗೂ ಕಾಳುಮೆಣಸೇ. ಪಿತೃಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಪದಾರ್ಥ ಊರೂರು ದಾಟಿ ಮುಂದೆ ಹೋಗುತ್ತದೆ. ಮೊದಲನೆಯವರು ಯಾಕೆ ಮಾಡಿದರು ಎಂಬುದು ದಾರಿಯಲ್ಲೆಲ್ಲೋ ಉದುರಿಹೋಗುತ್ತದೆ.

ನನಗೆ ಬೇಕಾಗಿದ್ದು ಆ ಉದುರಿದ್ದೇ. ನನಗೆ ಹೇಳದ್ದನ್ನು ಅವಳು ಬೇರೆ ಯಾರಿಗಾದರೂ ಹೇಳಿರಬಹುದೆಂಬ ಆಸೆಯಿಂದ ಕೇಳುತ್ತಾ ಹೊರಟೆ. ಗಿರಿನಗರದವರು ಬನಶಂಕರಿಯಲ್ಲಿರುವ ತಮ್ಮ ಅತ್ತಿಗೆಯತ್ತ ಕೈ ತೋರಿಸಿದರು; ಆ ಅತ್ತಿಗೆ ಸರೋಜಮ್ಮನತ್ತ. ಸರೋಜಮ್ಮ ಕಾಫಿ ಕೊಟ್ಟು, "ನಿಮ್ಮನೇಲಿ ನೋಡೇ ಅಲ್ವಾ ರಾಯರೇ ನಾನು ಕಟ್ಟಿದ್ದು? ಯಾಕೆ ಅಂತ ನಿಮ್ಮನ್ನೇ ಕೇಳೋಣ ಅಂತಿದ್ದೆ," ಎಂದರು.

ನಿನ್ನೆ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ ಜೆ.ಪಿ. ನಗರದ ಹುಡುಗಿಯೊಬ್ಬಳು, "ಅಂಕಲ್, ತಪ್ಪಾಗಿ ಕಟ್ಟಿದೀರ. ಹಿಡಿ ಮೇಲಿರ್ಬೇಕು," ಎಂದಳು.

"ನಮ್ಮ ಮನೆಯವ್ರು ಕಟ್ಟಿದ್ದಮ್ಮ."

"ಪಾಪ, ಆಂಟಿಗೆ ಯಾರೂ ಸರಿಯಾಗಿ ಹೇಳ್ಕೊಟ್ಟಿಲ್ಲ ಅನ್ಸತ್ತೆ. ನಾನು ತಿರುಗಿಸ್ಲಾ?" ಎಂದು ಕೈ ಚಾಚಿದಳು.

ನಾನು ಗಿಡಕ್ಕೆ ಅಡ್ಡ ನಿಂತೆ. "ಬೇಡಮ್ಮ. ನಮ್ದು ಬೇರೆ ಸಂಪ್ರದಾಯ."

ಅವಳು ಭಕ್ತಿಯಿಂದ ಫೋಟೋ ತೆಗೆದುಕೊಂಡು ಹೋದಳು. ಇನ್ನು ಜೆ.ಪಿ. ನಗರದಲ್ಲಿ ಎರಡು ಪಂಗಡಗಳಾಗುವುದು ಖಂಡಿತ.

ಚಮಚ ಅವಳು ಕಟ್ಟಿದ ಹಾಗೇ ಇದೆ. ನಿಯಮ ಎಲ್ಲರ ಹತ್ತಿರವೂ ಇದೆ. ವಿಮಲಳ ಕಾರಣ ಮಾತ್ರ ಯಾರ ಹತ್ತಿರವೂ ಇಲ್ಲ.