ಎರಡು ಮುಚ್ಚಳ ಅರಿಷ್ಟ

ಜನವರಿಯ ಮೊದಲ ವಾರ ತುಮಕೂರಿನಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಸಂಜೆ ದೆಹಲಿಯ ರೈಲು ಹತ್ತಿದೆ. ಎರಡು ಸಾವಿರದ ನಾನೂರು ಕಿಲೋಮೀಟರ್ ದಾರಿ. ವಯಸ್ಸಾದವಳೆಂದು ರಿಯಾಯಿತಿ ಸಿಕ್ಕಿ ಟಿಕೆಟ್ಟು ನಾನೂರು ರೂಪಾಯಿಯ ಒಳಗೇ ಆಯಿತು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಸೀರೆ, ಶಾಲು, ಕಂಬಳಿ. ಇನ್ನೊಂದರಲ್ಲಿ ಚಟ್ನಿಪುಡಿ, ಕೋಡುಬಳೆ, ಹಳೆಯ ಟವೆಲ್ ಸುತ್ತಿದ ಒಂದು ಬಾಟಲಿ ದ್ರಾಕ್ಷಾರಿಷ್ಟ. ನಮ್ಮೂರ ಪಂಡಿತರ ಅಂಗಡಿಯದು, ಮೈಗೆ ಶಕ್ತಿ ತರುವ ಔಷಧಿ.

ನಾನು ಹೊರಟದ್ದು ಊರು ನೋಡುವುದಕ್ಕಲ್ಲ. ನನ್ನ ತಮ್ಮ ಚಂದ್ರು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ಅವನ ಮಗಳು ಸ್ಮಿತಾಳನ್ನು ನೋಡಲು ಭಾನುವಾರ ಅಲ್ಲೇ ಜನಕಪುರಿಯಿಂದ, ಕನ್ನಡದವರೇ ಆದ ಗಂಡಿನ ಕಡೆಯವರು ಬರುವವರಿದ್ದರು. ಮನೆಗೆ ಹಿರಿಯಳೆಂದು ನಾನು ಕೂತು ಮಾತಾಡಬೇಕಿತ್ತು. ಚಂದ್ರು ಹದಿನೈದು ವರ್ಷ ಕುಡಿದವನು. ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಅದನ್ನು ಗಂಡಿನವರಿಗೆ ಮೊದಲೇ ಹೇಳಿಬಿಡುತ್ತೇನೆಂದು ಫೋನಿನಲ್ಲಿ ಹಟ ಹಿಡಿದಿದ್ದ. ಹೇಳಿದರೆ ಆ ಸಂಬಂಧ ಅಲ್ಲಿಗೇ ಮುರಿದ ಹಾಗೆ. ಅವನ ಬಾಯಿ ಮುಚ್ಚಿಸಲೆಂದೇ ನಾನು ಹೊರಟಿದ್ದೆ.

ಎರಡನೆಯ ದಿನ ಎದುರು ಸೀಟಿಗೆ ರಾಯಚೂರಿನ ಒಬ್ಬ ಹೆಂಗಸು ಬಂದು ಕೂತಳು. ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ನನಗೂ ಕೊಟ್ಟಳು. ದೆಹಲಿಯಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇನೆಂದು ಹೇಳಿ, ನೀವು ಎಲ್ಲಿಗೆ ಎಂದು ಕೇಳಿದೆ.

"ದಿಲ್ಲಿಗ್ರೀ. ಮಗ ಕುಡಿಯೋದು ಬಿಡಿಸೋ ಸೆಂಟರ್‌ನಾಗ ಅದಾನ. ನೋಡಿ ಬರಾಕ ಹೊಂಟೀನಿ."

ಮಗ ಹಾಸ್ಟೆಲ್ಲಿನಲ್ಲಿದ್ದಾನೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಪಕ್ಕದವರೂ ಕೇಳಿಸಿಕೊಂಡರು. ನಾನು ದನಿ ತಗ್ಗಿಸಿ, "ಹೀಗೆಲ್ಲ ಕಂಡವರ ಮುಂದೆ ಹೇಳಬಾರದಮ್ಮ" ಎಂದೆ.

"ಮೂರು ವರ್ಷ ಹೇಳಲಾರದೆ ಕುಂತಿದ್ದೆ. ಅಷ್ಟರಾಗ ಅರ್ಧ ಸತ್ತಿದ್ದ" ಎಂದಳು. "ನಿಮ್ಮ ತಮ್ಮ ಆರಾಮ ಅದಾರೇನು?"

"ಕಾಮಾಲೆ ಆಗಿತ್ತು. ಈಗ ಪರವಾಗಿಲ್ಲ" ಎಂದು ಮುಖವನ್ನು ಕಿಟಕಿಗೆ ತಿರುಗಿಸಿದೆ. ಅವಳ ರೊಟ್ಟಿ ಚೆನ್ನಾಗಿತ್ತು.

ಮೂರನೆಯ ದಿನ ಬೆಳಗಾದಾಗ ಕಿಟಕಿಯಾಚೆ ಲೋಕವೇ ಇರಲಿಲ್ಲ. ಬಿಳಿ ಮಂಜು, ಮಂಜಿನಲ್ಲಿ ಅರ್ಧ ಮರ, ಅರ್ಧ ಎಮ್ಮೆ. ರೈಲು ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು. ನಿಂತಾಗ ಸದ್ದೇ ಇಲ್ಲ. ಎಲ್ಲಿಂದಲೋ ಒಬ್ಬ ಚಹಾದವನು ಮಂಜಿನಿಂದ ಹುಟ್ಟಿದ ಹಾಗೆ ಬಂದು, ಮಣ್ಣಿನ ಲೋಟದಲ್ಲಿ ಚಹಾ ಕೊಟ್ಟು, ಮಂಜಿನೊಳಗೇ ಕರಗಿಹೋದ. ನಾನು ನಿದ್ದೆ ಮಾಡಿದೆನೋ ಎಚ್ಚರವಿದ್ದೆನೋ ತಿಳಿಯಲಿಲ್ಲ. ನಮ್ಮಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಹಾಗಾಯಿತು. ಕಣ್ಣು ಬಿಟ್ಟರೆ ರಾಯಚೂರಿನವಳು ಶೇಂಗಾ ಸುಲಿಯುತ್ತಿದ್ದಳು. ಬೆಳಿಗ್ಗೆ ಮುಟ್ಟಬೇಕಾದ ರೈಲು ಸಂಜೆ ನಾಲ್ಕಕ್ಕೆ ಮುಟ್ಟಿತು.

ಚಂದ್ರು ಸ್ಟೇಷನ್ನಿಗೆ ಬಂದಿದ್ದ. ಕಾಲು ಮುಟ್ಟಿದ. ಅವನ ಬಾಯಲ್ಲಿ ಏಲಕ್ಕಿ ವಾಸನೆಯಿತ್ತು, ಬೇರೇನೂ ಇರಲಿಲ್ಲ. ನಾನು ಮೂಸಿ ನೋಡಿದ್ದು ಅವನಿಗೆ ಗೊತ್ತಾಯಿತು.

"ಟಿಕೆಟ್ ಕಲೆಕ್ಟರ್ ಆಗಬೇಕಿತ್ತು ಅಕ್ಕ ನೀನು" ಎಂದು ನಕ್ಕ.

"ಏನೋ ಇದು, ಒಣಗಿದ ಕೋಲಾಗಿದ್ದೀಯ."

ಆಟೋದವನು ಸರೋಜಿನಿ ನಗರಕ್ಕೆ ನೂರೈವತ್ತು ಕೇಳಿದ, ಚಂದ್ರು ಎಂಬತ್ತಕ್ಕೆ ಒಪ್ಪಿಸಿದ. ದೀಪಗಳೆಲ್ಲ ಹತ್ತಿ ಸುತ್ತಿಟ್ಟ ಹಾಗೆ ಕಾಣುತ್ತಿದ್ದವು. ಅವರದು ಸರ್ಕಾರಿ ಕ್ವಾರ್ಟರ್ಸು, ಎರಡು ಕೋಣೆ, ಮುಂದೆ ಒಂದಿಷ್ಟು ಹುಲ್ಲು. ಅವನ ಹೆಂಡತಿ ಶಾರದ ಬಿಸಿನೀರು ಕಾಯಿಸಿಟ್ಟಿದ್ದಳು. ಸ್ಮಿತಾ ಗುರಗಾಂವಿನ ಆಫೀಸಿನಿಂದ ಬಂದು, "ಅತ್ತೆ, ಕಿತ್ನೀ ಠಂಡ್ ಹೈ ನಾ?" ಎಂದು ಚಳಿಗೆ ನಡುಗುತ್ತ ತಬ್ಬಿಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಹಿಂದಿಯೇ ಮೊದಲು ಬರುತ್ತದೆ.

ಮರುದಿನ ಬೆಳಿಗ್ಗೆ ಶಾರದ ಒಂದು ಮಾತ್ರೆಯನ್ನು ನೀರಿನಲ್ಲಿ ಕರಗಿಸಿ, ಎದುರಿಗೇ ನಿಂತು ಚಂದ್ರುವಿಗೆ ಕುಡಿಸಿದಳು. ಬಿಪಿಯದ್ದಿರಬೇಕು ಅಂದುಕೊಂಡೆ. ಅವಳು ಒಳಗೆ ಹೋದ ಮೇಲೆ ಅರಿಷ್ಟದ ಬಾಟಲಿ ತೆಗೆದೆ.

"ಬೇಡ ಅಕ್ಕ, ಇದು ನನಗಾಗಲ್ಲ" ಎಂದ.

"ಬಾಣಂತಿಯರಿಗೂ ಕೊಡ್ತಾರೆ ಕಣೋ."

"ನಾನು ಬಾಣಂತಿ ಅಲ್ಲವಲ್ಲ. ವಾಪಸ್ ತಗೊಂಡು ಹೋಗು."

ಆಫೀಸಿಗೆ ಹೊತ್ತಾಯಿತೆಂದು ಹೊರಟುಹೋದ. ನನಗೆ ಸಿಟ್ಟು ಬಂತು. ದೆಹಲಿಯ ಮಾತ್ರೆ ನುಂಗುತ್ತಾನೆ, ಊರಿನ ಔಷಧಿ ಆಗುವುದಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿದೆ.

ಶನಿವಾರ ಮಧ್ಯಾಹ್ನ ನನ್ನನ್ನೂ ಸ್ಮಿತಾಳನ್ನೂ ಲೋಧಿ ಕಾಲೋನಿಗೆ ಕರೆದುಕೊಂಡು ಹೋದ. ಅಲ್ಲಿ ಕುಡಿತ ಬಿಟ್ಟವರು ವಾರವಾರವೂ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತಾರೆ. ಆ ದಿನ ಮನೆಯವರೂ ಬರಬಹುದಾಗಿತ್ತು. ಮಂಜು ಸರಿದು ಬಿಸಿಲು ಬಿದ್ದಿತ್ತು, ಹಾಲಿಗೆ ನೀರು ಬೆರೆಸಿದಂಥ ಬಿಸಿಲು. ಹುಲ್ಲಿನ ಮೇಲೆ ಹೆಂಗಸರು ಸ್ವೆಟರ್ ಹೆಣೆಯುತ್ತಿದ್ದರು, ಕಿತ್ತಳೆ ಸುಲಿಯುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ರಸ್ತೆಯ ಮೇಲೆ ಮರಗಳು ಎಷ್ಟು ಒತ್ತಾಗಿದ್ದವೆಂದರೆ, ನಾವು ನೀರಿನ ಅಡಿಯಲ್ಲಿ ನಡೆಯುತ್ತಿರುವ ಹಾಗಿತ್ತು.

ಕೋಣೆಯಲ್ಲಿ ಚಿಕ್ಕ ಮಕ್ಕಳ ಬೆಂಚುಗಳ ಮೇಲೆ ದೊಡ್ಡ ಗಂಡಸರು ಮಂಡಿ ಮಡಚಿ ಕೂತಿದ್ದರು. ಆಫೀಸರನೂ ಇದ್ದ, ಲಾರಿಯವನೂ ಇದ್ದ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ನಾನು ಕುಡುಕ, ಬಿಟ್ಟು ಇಷ್ಟು ದಿನವಾಯಿತು ಎನ್ನುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕುಡುಕ ಎಂದು ಹೇಳಿಕೊಂಡವನಿಗೆ ಚಪ್ಪಾಳೆ! ಸ್ಮಿತಾ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು, ಆಮೇಲೆ ಬೇಡವೆಂದೆ. ಅರ್ಥವಾಗದ ಮಾತು, ಬಾಯಿಂದ ಏಳುವ ಹಬೆ, ಚಹಾದ ಹಬೆ. ಚಂದ್ರು ಎದ್ದು ನಿಂತಾಗ ಅವನು ಯಾರೋ ಅನ್ನಿಸಿತು. ಒಬ್ಬ ಮುದಿ ಸರ್ದಾರ್ಜಿ ನನಗೆ ಚಹಾ ತಂದುಕೊಟ್ಟು, "ಮಾತಾಜಿ, ಆಪ್‌ಕಾ ಭಾಯಿ ಶೇರ್ ಹೈ" ಎಂದ. ಅಷ್ಟು ಹಿಂದಿ ನನಗೂ ಬರುತ್ತದೆ. ಹುಲಿಯೋ ಸಿಂಹವೋ, ನಾಳೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದುಕೊಂಡೆ.

ಹೊರಗೆ ಬಂದ ಮೇಲೆ ಹೇಳಿಯೇಬಿಟ್ಟೆ. "ಇಲ್ಲಿ ಎಷ್ಟಾದರೂ ಹೇಳಿಕೋ. ಗಂಡಿನವರ ಮುಂದೆ ಕಾಮಾಲೆ ಅಂದರೆ ಕಾಮಾಲೆ."

"ಇದೂ ಕಾಯಿಲೆನೇ ಅಕ್ಕ. ಸಕ್ಕರೆ ಕಾಯಿಲೆ ಇದ್ದ ಹಾಗೆ."

"ಸಕ್ಕರೆ ಕಾಯಿಲೆಯವನು ಅಮ್ಮನ ತಿಥಿಯ ದಿನ ಬಚ್ಚಲಲ್ಲಿ ಬಿದ್ದಿರಲ್ಲ."

ಸ್ಮಿತಾ ನಡೆಯುತ್ತಿದ್ದವಳು ನಿಂತಳು.

"ಬಿದ್ದಿದ್ದೆ" ಎಂದ. "ಕಾಯಿಲೆ ಅಂತ ಅದು ಸುಳ್ಳಾಗಲ್ಲ. ಎರಡೂ ನಿಜ."

"ನಾಳೆ ಹೇಳಲ್ಲ ಅಂತ ಮಾತು ಕೊಡು."

"ನಾಳೆ ಹೇಳಲ್ಲ" ಎಂದ. ಇಷ್ಟು ಬೇಗ ಒಪ್ಪಿದನಲ್ಲ ಎಂದು ನನಗೆ ನೆಮ್ಮದಿಯಾಯಿತು.

ಭಾನುವಾರ ಮತ್ತೆ ಮಂಜು. ಹನ್ನೊಂದಕ್ಕೆ ಅವರು ಬರಬೇಕಿತ್ತು. ಶಾರದ ಕೇಸರಿಬಾತು ಮಾಡಿದಳು, ನಾನು ಉಪ್ಪಿಟ್ಟಿಗೆ ಬಟಾಣಿ ಬಿಡಿಸಿದೆ. ಚಂದ್ರು ಕನ್ನಡಿಯ ಮುಂದೆ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. ಬೀಗರಾಗುವವರು ಹೀಗೆ ನೋಡಿದರೆ ಏನೆಂದಾರು? ಹತ್ತೂವರೆಗೆ ಜೀರಿಗೆ ಕಷಾಯ ಮಾಡಿ, ಬೆಲ್ಲ ಜಾಸ್ತಿ ಹಾಕಿ, ಎರಡು ಮುಚ್ಚಳ ಅರಿಷ್ಟ ಬೆರೆಸಿದೆ. ಅವನು ಬೇಡವೆಂದಿದ್ದ. ಬೆರೆಸಿದೆ. ಅಕ್ಕನ ಕೈಯ ಕಷಾಯವೆಂದು ಗಟಗಟ ಕುಡಿದ.

ಹನ್ನೊಂದಕ್ಕೆ ಸರಿಯಾಗಿ ಅವರ ಕಾರು ಬಂತು. ಹುಡುಗ ಅಶ್ವಿನ್, ಅವನ ತಂದೆ, ತಾಯಿ ವಿಜಯಮ್ಮ. ಅವರು ಚಪ್ಪಲಿ ಬಿಡುವಷ್ಟರಲ್ಲಿ ಚಂದ್ರುವಿನ ಮುಖ, ಕತ್ತು ಕೆಂಪೇರಿತ್ತು. ನಮಸ್ಕಾರಕ್ಕೆ ಕೈ ಎತ್ತಿದವನು ಬಾಗಿಲು ಹಿಡಿದುಕೊಂಡ. ಬೆವರು ಸುರಿಯುತ್ತಿತ್ತು. ಓಡಿಹೋಗಿ ಹುಲ್ಲಿನ ಮೇಲೆ ವಾಂತಿ ಮಾಡಿದ.

ಶಾರದ ಅವನ ಬಾಯಿಯ ಹತ್ತಿರ ಮುಖ ತಂದಳು. ಆಗ ಅವಳ ಮುಖ ನೋಡಬೇಕಿತ್ತು, ನೋಡಬಾರದಿತ್ತು.

"ಮತ್ತೆ ಶುರು ಮಾಡಿದ್ರಾ?"

"ಇಲ್ಲ ಶಾರದ. ದೇವರಾಣೆ ಇಲ್ಲ."

ಯಾರೂ ನಂಬಲಿಲ್ಲ. ಸ್ಮಿತಾ ಗೋಡೆ ನೋಡುತ್ತಿದ್ದಳು. ಗಂಡಿನ ತಂದೆ ಬಿಟ್ಟ ಚಪ್ಪಲಿಗೆ ಮತ್ತೆ ಕಾಲು ತೂರಿಸುತ್ತಿದ್ದರು. ಆ ವಾಸನೆ ನನ್ನ ಅರಿಷ್ಟದ್ದೇ ಇರಬೇಕು. ನಾನು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಅವನದಾಗಿಯೇ ಉಳಿಯುತ್ತಿತ್ತು. ಒಳಗೆ ಹೋಗಿ ಬಾಟಲಿ ತಂದೆ.

"ನಾನು ಕೊಟ್ಟೆ. ಕಷಾಯದಲ್ಲಿ ಹಾಕಿದೆ, ಅವನಿಗೆ ಗೊತ್ತಿಲ್ಲ."

ಸ್ಮಿತಾ ಕಿತ್ತುಕೊಂಡು ಕೆಳಗಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿದಳು. "ಅತ್ತೆ! ಇಸ್‌ಮೇ ಶರಾಬ್ ಹೈ! ಅಪ್ಪ ಕುಡಿತ ಬಿಡಿಸೋ ಮಾತ್ರೆ ತಗೊಳ್ತಾರೆ, ಅದರ ಮೇಲೆ ಹನಿ ಬಿದ್ದರೂ ಹೀಗೇ ಆಗತ್ತೆ, ಜೀವಾನೂ ಹೋಗಬಹುದು!"

ನಾನು ಬಂದವರ ಕಡೆ ತಿರುಗಿ ಹೇಳಿದೆ: "ಇವನು ಕುಡುಕನಾಗಿದ್ದ. ಬಿಟ್ಟು ಹನ್ನೊಂದು ತಿಂಗಳಾಯಿತು. ಇವತ್ತು ಕುಡಿಸಿದವಳು ನಾನು. ಕಾಮಾಲೆ ಅಂತ ನಿಮಗೆ ಹೇಳುವವಳಿದ್ದೆ."

ಮೊದಲು ಅಲುಗಿದವನು ಅಶ್ವಿನ್. "ಚಲೋ ಅಂಕಲ್, ಆಸ್ಪತ್ರೆಗೆ" ಎಂದು ಚಂದ್ರುವನ್ನು ತಬ್ಬಿ ಕಾರಿಗೆ ಕೂರಿಸಿದ. ಶಾರದ ಬಾಟಲಿ ಹಿಡಿದು ಹತ್ತಿದಳು. ಸ್ಮಿತಾ, ಹುಡುಗನ ತಂದೆ ಕೂಡ ಹೋದರು. ಕಾರು ಹತ್ತು ಮಾರಿನಲ್ಲೇ ಮಂಜಿಗೆ ಸೇರಿತು. ಮನೆಯಲ್ಲಿ ಉಳಿದದ್ದು ನಾನು, ವಿಜಯಮ್ಮ, ಒಂದು ಬಾಣಲೆ ಕೇಸರಿಬಾತು.

ಹೊರಗಿನ ಬಿಳುಪು ಕಿಟಕಿಯಿಂದ ಒಳಗೂ ಬಂದ ಹಾಗಿತ್ತು. ವಿಜಯಮ್ಮನೇ ಎದ್ದು ನನಗೆ ನೀರು ಕೊಟ್ಟಳು.

"ಅವರು ಕುಡೀತಿದ್ದದ್ದು ನಮಗೆ ಗೊತ್ತಿತ್ತು. ಗುರುವಾರವೇ ಫೋನ್ ಮಾಡಿ ಹೇಳಿದ್ದರು" ಎಂದಳು.

ನಾಳೆ ಹೇಳಲ್ಲ ಎಂದು ಅವನು ಬೇಗ ಒಪ್ಪಿದ್ದು ಯಾಕೆಂದು ಆಗ ತಿಳಿಯಿತು.

"ಗೊತ್ತಿದ್ದೂ ಬಂದಿರಾ?"

"ಹತ್ತು ವರ್ಷದ ಹಿಂದೆ ಆಗಿದ್ದರೆ ಬರ್ತಿರಲಿಲ್ಲ. ಈಗ ನಮ್ಮ ಬ್ಲಾಕಿನಲ್ಲೇ ಬಿಟ್ಟವರು ಇಬ್ಬರಿದ್ದಾರೆ. ಒಬ್ಬಳು ಹೆಂಗಸು. ಬೆಳಿಗ್ಗೆ ನನ್ನ ಜೊತೆ ಪಾರ್ಕಿಗೆ ಬರ್ತಾಳೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದರೆ ಅವರು ಹಾಗೆ ಕೆಂಪಗೆ ನಿಂತದ್ದು ನೋಡಿ, ಹೇಳಿದ್ದೆಲ್ಲ ನಾಟಕ ಅಂದುಕೊಂಡೆ. ನೀವು ಬಾಟಲಿ ತರದಿದ್ದರೆ ಎದ್ದು ಹೋಗ್ತಿದ್ವಿ."

"ಈಗ?"

"ಈಗ ಅವರ ಮಾತಿನ ಮೇಲೆ ನಂಬಿಕೆ ಇದೆ. ನಿಮ್ಮ ಕಷಾಯದ ಮೇಲೆ ಇಲ್ಲ."

ನನಗೆ ನಗು ಬಂತು, ಅವಳು ನಗಲಿಲ್ಲ. ಮನೆಯಲ್ಲಿ ಅವಳ ಗಂಡನ ಅಣ್ಣಂದಿರು ಇಬ್ಬರು ಹಳೆಯ ಕಾಲದವರಂತೆ. ಅವರನ್ನು ಕೇಳದೆ ಏನೂ ಹೇಳಲಾಗದು ಎಂದಳು.

ಮೂರು ಗಂಟೆಗೆ ಫೋನು ಬಂತು. ಸಲೈನ್ ಹಾಕಿದ್ದಾರೆ, ಅಪಾಯವಿಲ್ಲ, ರಾತ್ರಿ ಅಲ್ಲೇ ಇರಲಿ ಎಂದರಂತೆ. ಮರುದಿನ ಚಂದ್ರು ಮನೆಗೆ ಬಂದು, ಹಾಸಿಗೆಯ ಮೇಲೆ ಕೂತು, "ಕುಡುಕರನ್ನು ನಂಬಬೇಡಿ ಅಂತಾರೆ ಅಕ್ಕ" ಎಂದ. ಶಾರದ ಎರಡು ದಿನ ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. ನನಗಾಗಬೇಕಾದದ್ದೇ. ಜನಕಪುರಿಯಿಂದ ಸುದ್ದಿಯಿರಲಿಲ್ಲ. ಸ್ಮಿತಾ ಮೊಬೈಲನ್ನು ಅಂಗೈಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಗುರುವಾರ ವಾಪಸ್ ರೈಲು. ಚಂದ್ರು ಸೀಟು ಹುಡುಕಿ, ಕಂಬಳಿ ಹಾಸಿ, ಕೆಳಗಿಳಿದು ಕಿಟಕಿಯ ಹತ್ತಿರ ನಿಂತ. ಪ್ಲಾಟ್‌ಫಾರ್ಮಿನ ಆ ತುದಿ ಕಾಣುತ್ತಿರಲಿಲ್ಲ. ಜನ ಬಿಳುಪಿನಿಂದ ಬಂದು ಬಿಳುಪಿಗೆ ಹೋಗುತ್ತಿದ್ದರು. ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ವಿಜಯಮ್ಮ. ಅವನ ಮುಖವನ್ನೇ ನೋಡುತ್ತಿದ್ದೆ.

"ಒಪ್ಪಿದ್ದಾರೆ ಅಕ್ಕ" ಎಂದು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದ. "ಆದರೆ ನಿಶ್ಚಿತಾರ್ಥದ ದಿನ ಎಲ್ಲ ನೆಂಟರ ಮುಂದೆ ನಾನೇ ಎದ್ದು ಹೇಳಬೇಕಂತೆ. ಆಮೇಲೆ ಯಾರೂ ಸ್ಮಿತಾಳ ಬೆನ್ನ ಹಿಂದೆ ಪಿಸುಗುಟ್ಟಬಾರದು ಅಂತ."

"ಹೇಳ್ತೀಯೇನೋ?"

ರೈಲು ಅಲುಗಿತು. ಅವನು ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಜೊತೆ ನಡೆಯತೊಡಗಿದ. "ಹೇಳ್ತೀನಿ ಅಮ್ಮ. ಹೂಂ, ನಿಮ್ಮ ಯಜಮಾನರ ಅಣ್ಣಂದಿರಿಗೆ ಫೋನ್ ಕೊಡಿ, ಈಗಲೇ ಹೇಳ್ತೀನಿ" ಎನ್ನುತ್ತಿದ್ದ. ಸದ್ದಿಗೆ ಕೇಳಿಸದೆಂದು ದನಿ ಎತ್ತಿ, "ನಾನು ಚಂದ್ರಶೇಖರ, ಕುಡುಕ" ಎಂದು ಶುರು ಮಾಡಿದ. ಕೂಲಿಗಳು ತಿರುಗಿ ನೋಡಿದರು. ಮಾತಿನಲ್ಲೇ ಮುಳುಗಿ ಹಿಂದೆ ಉಳಿದ. ನನಗೆ ಕೈ ಬೀಸುವುದನ್ನೂ ಮರೆತ. ಮಂಜಿನಲ್ಲಿ ಮೊದಲು ಅವನ ಕಾಲು ಹೋಯಿತು, ಆಮೇಲೆ ಮುಖ. ದನಿ ಇನ್ನೂ ಒಂದಿಷ್ಟು ಹೊತ್ತು ಕೇಳಿಸಿತು. ಚಳಿ ಬರುತ್ತಿತ್ತು, ಕಿಟಕಿ ಇಳಿಸಿದೆ.